ಸಿಸ್ಟರ್ ಮೇ ತಿಂಗಳಲ್ಲಿ ಎಲ್ಲಿಗೆ ಹೋದರು?

ಪ್ರಶ್ನೆ: ನನ್ನ ಮಗಳು ಕಾನ್ವೆಂಟ್ ಶಾಲೆಯಲ್ಲಿ ಆರನೇ ಕ್ಲಾಸು. ನಾವು ಕ್ರೈಸ್ತರಲ್ಲ. ಐದು ವರ್ಷದಿಂದ ಎಚ್.ಎಂ. ಆಗಿದ್ದ ಸಿಸ್ಟರ್ ಅಂದರೆ ಅವಳಿಗೆ ಪ್ರಾಣ. ಈ ಸಲ ಶಾಲೆ ಶುರುವಾಗುವಷ್ಟರಲ್ಲಿ ಅವರು ಇರಲಿಲ್ಲ. ಆಫೀಸಿನಲ್ಲಿ "ಟ್ರಾನ್ಸ್‌ಫರ್ ಆಯ್ತು" ಅಂದರು ಅಷ್ಟೆ. ಇದೇನು ಸರ್ಕಾರಿ ನೌಕರಿಯಾ? ಇವರಿಗೆ ಸಂಬಳ ಇದೆಯಾ? ಮನೆಗೆ ಹೋಗಬಹುದಾ? ಕೆಲವರು ಸೀರೆ, ಕೆಲವರು ಉದ್ದ ಗೌನು, ಯಾಕೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಗಳಿಗೆ ಏನು ಹೇಳಲಿ?

ಉತ್ತರ: ಮೊದಲು ಮಗಳಿಗೆ ಒಂದು ಮಾತು ಹೇಳಿಬಿಡಿ. ಸಿಸ್ಟರ್ ಯಾರ ಮೇಲೂ ಮುನಿಸಿಕೊಂಡು ಹೋದದ್ದಲ್ಲ. ಮಕ್ಕಳಿಗೆ ಬೇಸಿಗೆ ರಜೆ ಇದ್ದಾಗ ಕಾಗದ ಬಂದಿರುತ್ತದೆ. ಹೇಳಿ ಹೋಗೋಣ ಅಂದರೂ ಶಾಲೆಯಲ್ಲಿ ಯಾರೂ ಇರುವುದಿಲ್ಲ.

ನಾನು ಸಿಸ್ಟರ್ ಅಲ್ಲ. ಮೂವತ್ತು ವರ್ಷ ಸಿಸ್ಟರುಗಳ ಶಾಲೆ, ಹಾಸ್ಟೆಲು, ಆಸ್ಪತ್ರೆಗಳ ಲೆಕ್ಕ ಬರೆದವಳು. ನನ್ನ ಚಿಕ್ಕಮ್ಮ ಒಬ್ಬರು ಸಿಸ್ಟರ್. ಹಾಗಾಗಿ ಹೊರಗಿನಿಂದಲೂ ನೋಡಿದ್ದೇನೆ, ಸ್ವಲ್ಪ ಒಳಗಿನಿಂದಲೂ.

ಏಪ್ರಿಲ್ ಮುಗಿಯಿತು ಅಂದರೆ ಕಾನ್ವೆಂಟುಗಳಲ್ಲಿ ಎಲ್ಲರ ಕಿವಿ ಪೋಸ್ಟ್‌ಮ್ಯಾನಿನ ಕಡೆ. ಈಗ ಈಮೇಲ್ ಕಡೆ ಅನ್ನಿ. ಒಂದು ಸಂಸ್ಥೆಗೆ ಸೇರಿದ, ಒಂದು ಪ್ರಾಂತದ ಎಲ್ಲ ಸಿಸ್ಟರುಗಳಿಗೂ ಮುಖ್ಯಸ್ಥೆಯಾದವರನ್ನು ಪ್ರೊವಿನ್ಶಿಯಲ್ ಅನ್ನುತ್ತಾರೆ. ಯಾರು ಯಾವ ಮನೆಗೆ, ಅಂದರೆ ಯಾವ ಕಾನ್ವೆಂಟಿಗೆ, ಅಂತ ಅವರು ಕಾಗದ ಕಳಿಸುತ್ತಾರೆ. ಎಷ್ಟೋ ಕಡೆ ಮೊದಲೇ ಕರೆದು ಮಾತಾಡುವುದುಂಟು. "ನಂಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಇರೋ ಮನೆ ಬೇಡ" ಅಂತ ಹೇಳಿಕೊಳ್ಳಬಹುದು. ಆದರೆ ಕಡೆಗೆ ಕಾಗದ ಬಂತು ಅಂದರೆ ಹೊರಡಬೇಕು. ಇದು ಸರ್ಕಾರದ ವರ್ಗಾವಣೆ ಅಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಸಿಸ್ಟರುಗಳು ಮೂರು ವ್ರತ ತೆಗೆದುಕೊಳ್ಳುತ್ತಾರಲ್ಲ, ಆ ಮೂರನೆಯದು ಇಲ್ಲಿ ಕೆಲಸ ಮಾಡುತ್ತದೆ. ಹೊರಗಿನವರಿಗೆ ಮದುವೆ ಇಲ್ಲದಿರುವುದೇ ದೊಡ್ಡ ತ್ಯಾಗ ಅನ್ನಿಸುತ್ತದೆ. ಒಳಗಿನವರನ್ನು ಕೇಳಿದರೆ, ಕಷ್ಟ ಈ ಮೂರನೆಯದೇ ಅನ್ನುವವರು ಜಾಸ್ತಿ.

ಇನ್ನೊಂದು ಕಾರಣವೂ ಇದೆ. ಮೇಲಿನ ಜಾಗದಲ್ಲಿ ಒಬ್ಬರೇ ಬಹಳ ಕಾಲ ಕೂರಬಾರದು ಅಂತ ಚರ್ಚಿನ ಕಾನೂನೇ ಹೇಳುತ್ತದೆ. ಕಾನ್ವೆಂಟಿನ ಸುಪೀರಿಯರ್‌ಗೆ, ಅಂದರೆ ಆ ಮನೆಯ ಹಿರಿಯಳಿಗೆ, ಅವಧಿ ಇಷ್ಟು ವರ್ಷ ಅಂತ ಇರುತ್ತದೆ. ಎಷ್ಟೋ ಕಡೆ ಸುಪೀರಿಯರೇ ಎಚ್.ಎಂ. ಕೂಡ. ಅವಧಿ ಮುಗಿದರೆ ಎರಡೂ ಬಿಟ್ಟು ಬೇರೆ ಊರಿಗೆ. ಅಲ್ಲಿ ಅವರು ಎಚ್.ಎಂ. ಆಗಿಯೇ ಇರಬೇಕು ಅಂತೇನೂ ಇಲ್ಲ. ಹದಿನೈದು ವರ್ಷ ಪ್ರಿನ್ಸಿಪಾಲ್ ಆಗಿದ್ದವರು ಮುಂದಿನ ವರ್ಷ ಹಳ್ಳಿಯ ಡಿಸ್ಪೆನ್ಸರಿಯ ಪಕ್ಕದ ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಸಂಜೆ ಇನ್ನೂ ನೆನಪಿದೆ. ಹತ್ತು ವರ್ಷ ಹಾಸ್ಟೆಲ್ ನೋಡಿಕೊಂಡ ಸಿಸ್ಟರ್ ಒಬ್ಬರು ಹೊರಡುವ ಹಿಂದಿನ ದಿನ ನನ್ನ ಟೇಬಲ್ಲಿಗೆ ಬಂದರು. ಕೀ ಗೊಂಚಲು ಇಟ್ಟರು. ಚಿಲ್ಲರೆ ಖರ್ಚಿನ ಪುಸ್ತಕ ಇಟ್ಟರು. ಹಾರ್ಲಿಕ್ಸ್ ಡಬ್ಬಿಯಲ್ಲಿದ್ದ 340 ರೂಪಾಯಿ ಎಣಿಸಿ ಕೊಟ್ಟು ಸಹಿ ಹಾಕಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತು, "ಉಗ್ರಾಣದ ಬೆಕ್ಕಿಗೆ ಸಂಜೆ ಹಾಲು ಹಾಕ್ಬೇಕು, ಯಾರಿಗೆ ಹೇಳ್ಲಿ?" ಅಂದರು. ಲೆಕ್ಕದಲ್ಲಿ ಇಲ್ಲದ ಬಾಬತ್ತು ಅದೊಂದೇ. ಮರುದಿನ ಬೆಳಿಗ್ಗೆ ಒಂದು ಟ್ರಂಕು, ಒಂದು ಬ್ಯಾಗು, ಬಸ್ಸು.

ಈಗ ಸಂಬಳದ ವಿಷಯ. ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸರ್ಕಾರದ ಅನುದಾನ ಇರುವ ಶಾಲೆಯಲ್ಲಿ ಸಿಸ್ಟರ್ ಮಂಜೂರಾದ ಹುದ್ದೆಯಲ್ಲಿದ್ದರೆ ಉಳಿದ ಟೀಚರುಗಳಂತೆ ಅವರಿಗೂ ಸಂಬಳ ಬರುತ್ತದೆ, ಅವರ ಹೆಸರಿನಲ್ಲೇ. ಆದರೆ ಅದು ಅವರ ಕೈಯಲ್ಲಿ ನಿಲ್ಲುವುದಿಲ್ಲ. ಸದಸ್ಯೆ ದುಡಿದದ್ದೆಲ್ಲ ಸಂಸ್ಥೆಯದು, ಪಿಂಚಣಿ ಬಂದರೆ ಅದೂ ಹಾಗೇ. ಚರ್ಚಿನ ನಿಯಮ ಇರುವುದು ಹೀಗೆ. ಅನುದಾನ ಇಲ್ಲದ ಶಾಲೆಯಲ್ಲಿ ಏನು ಕೊಡಬೇಕು ಅನ್ನುವುದು ಆಯಾ ಆಡಳಿತದ ತೀರ್ಮಾನ. ಮನೆಯಲ್ಲಿ ಐದು ಜನ ಸಿಸ್ಟರುಗಳಿದ್ದಾರೆ ಅಂದುಕೊಳ್ಳಿ. ಇಬ್ಬರದು ಸಂಬಳ ಬರುತ್ತದೆ. ಒಬ್ಬರು ಅಡುಗೆಮನೆ, ತೋಟ. ಒಬ್ಬರು ಹಳ್ಳಿ ಸುತ್ತುವವರು, ಅವರಿಗೆ ಏನೂ ಬರುವುದಿಲ್ಲ. ಒಬ್ಬರಿಗೆ ಎಂಬತ್ತು ದಾಟಿದೆ. ಎಲ್ಲರ ಊಟ, ಔಷಧಿ, ಕರೆಂಟು ಬಿಲ್ಲು ಆ ಒಂದೇ ಗಂಟಿನಿಂದ. ಉಳಿದದ್ದು ಪ್ರೊವಿನ್ಶಿಯಲ್ ಮನೆಗೆ. ಅಲ್ಲಿಂದ ಹೊಸಬರ ತರಬೇತಿಗೆ, ವಯಸ್ಸಾದವರ ಆರೈಕೆಗೆ, ವರಮಾನ ಇಲ್ಲದ ಊರಿನ ಮನೆಗಳಿಗೆ ಹೋಗುತ್ತದೆ. ನಮ್ಮ ಹಳೆಯ ಕೂಡು ಕುಟುಂಬದ ಲೆಕ್ಕ ಇದ್ದಂತೆಯೇ ಅಲ್ವಾ? ಜಗಳಗಳೂ ಸುಮಾರಾಗಿ ಅವೇ.

ಸ್ವಂತ ಖರ್ಚಿಗೆ ತಿಂಗಳಿಗೆ ಸಣ್ಣ ಮೊತ್ತ ಕೊಡುವ ಪದ್ಧತಿ ಬಹಳ ಕಡೆ ಇದೆ. ಅದಕ್ಕೂ ಲೆಕ್ಕ ಬರೆಯಬೇಕು. ಚಿಕ್ಕಮ್ಮನ ಪುಟ್ಟ ಪುಸ್ತಕ ಒಮ್ಮೆ ನೋಡಿದ್ದೆ. ಚಪ್ಪಲಿ ಉಂಗುಷ್ಟ ಹೊಲಿಸಿದ್ದು, ಬಸ್ ಚಾರ್ಜು, ವಿಕ್ಸ್. ಒಂದು ಕಡೆ "ಐಸ್‌ಕ್ರೀಂ" ಅಂತ ಬರೆದು, ಪಕ್ಕದಲ್ಲಿ "ಇಬ್ಬರಿಗೆ" ಅಂತ ಸೇರಿಸಿದ್ದರು. ಒಬ್ಬರೇ ತಿಂದದ್ದಲ್ಲ ಅಂತ ಯಾರಿಗೋ ತಿಳಿಯಲಿ ಅಂತ ಇರಬೇಕು.

ತೆರಿಗೆ ಬಗ್ಗೆ ವಾಟ್ಸಾಪಿನಲ್ಲಿ ಏನೇನೋ ಓಡಾಡುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಅನುದಾನಿತ ಶಾಲೆಯ ಸಿಸ್ಟರು, ಫಾದರುಗಳ ಸಂಬಳದಲ್ಲಿ ಟಿಡಿಎಸ್, ಅಂದರೆ ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬೇಕೇ ಅನ್ನುವ ವ್ಯಾಜ್ಯ ಬಹಳ ವರ್ಷ ನಡೆಯಿತು. ಬಡತನದ ವ್ರತ ತೆಗೆದುಕೊಂಡವರು ಆಸ್ತಿಯ ಮಟ್ಟಿಗೆ ಸತ್ತವರ ಹಾಗೆ, ಸಂಬಳ ಅವರದ್ದೇ ಅಲ್ಲ ಅನ್ನುವುದು ಸಂಸ್ಥೆಗಳ ವಾದ. ಮದ್ರಾಸ್ ಹೈಕೋರ್ಟ್ 2019ರಲ್ಲಿ ಇದನ್ನು ಒಪ್ಪಲಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಂಬಳ ಬರುವುದು ವ್ಯಕ್ತಿಗೆ, ಆಮೇಲೆ ಅದನ್ನು ಯಾರಿಗೆ ಕೊಟ್ಟರೂ ತೆರಿಗೆ ತೆರಿಗೆಯೇ. ನನ್ನ ಪರಿಚಯದ ಸಿಸ್ಟರುಗಳಿಗೆ ಬೇಜಾರಾಯಿತು. ನನಗೆ ಮಾತ್ರ ತೀರ್ಪು ಸರಿ ಅಂತಲೇ ಅನ್ನಿಸಿತು. ಪ್ಯಾನ್ ಕಾರ್ಡಿನಲ್ಲಿ ಫೋಟೋ ಇರುವುದು ಸಿಸ್ಟರದ್ದು, ಪ್ರಾಂತದ್ದಲ್ಲ.

ಸೀರೆಯೋ ಗೌನೋ ಅನ್ನುವುದಕ್ಕೆ ಉತ್ತರ ಹೇಳಬೇಕಾದರೆ ಮಂಗಳೂರಿನ ಒಂದು ಕತೆ ಹೇಳಬೇಕು.

ಕ್ಯಾಥೊಲಿಕ್ ಸಿಸ್ಟರುಗಳೆಲ್ಲ ಒಂದೇ ಅಲ್ಲ. ನೂರಾರು ಸಂಸ್ಥೆಗಳಿವೆ, ಒಂದೊಂದಕ್ಕೂ ಬೇರೆ ಸ್ಥಾಪಕರು, ಬೇರೆ ನಿಯಮ, ಬೇರೆ ಉಡುಪು. ಇವನ್ನು ಕಾಂಗ್ರಿಗೇಶನ್ ಅನ್ನುತ್ತಾರೆ, ಕನ್ನಡದಲ್ಲಿ ಸಭೆ. ದೊಡ್ಡದಾಗಿ ನೋಡಿದರೆ ಎರಡು ಬಗೆ. ಒಂದು, ಮಠದ ಗೋಡೆ ದಾಟದೆ ಪ್ರಾರ್ಥನೆಯಲ್ಲೇ ಬದುಕು ಕಳೆಯುವವರು. ಇನ್ನೊಂದು, ಶಾಲೆ, ಆಸ್ಪತ್ರೆ ಅಂತ ಹೊರಗೆ ಕೆಲಸ ಮಾಡುವವರು. 1298ರಲ್ಲಿ ಪೋಪ್ ಎಂಟನೇ ಬೋನಿಫೇಸ್ ಎಲ್ಲ ಕನ್ಯಾಸ್ತ್ರೀಯರೂ ಗೋಡೆಯೊಳಗೇ ಇರಬೇಕು ಅಂತ ಆಜ್ಞೆ ಮಾಡಿದ್ದರು. ರೋಗಿಗಳ ಮನೆಗೆ ಹೋಗಬೇಕು, ಬೀದಿ ಮಕ್ಕಳಿಗೆ ಕಲಿಸಬೇಕು ಅನ್ನುವ ಹೆಂಗಸರಿಗೆ ಇದು ಶತಮಾನಗಟ್ಟಲೆ ಅಡ್ಡ ಬಂತು. 1633ರಲ್ಲಿ ಫ್ರಾನ್ಸಿನಲ್ಲಿ ವಿನ್ಸೆಂಟ್ ಡಿ ಪಾಲ್, ಲೂಯಿಸ್ ಡಿ ಮರಿಯಾಕ್ ಇಬ್ಬರೂ ಒಂದು ಉಪಾಯ ಮಾಡಿದರು. ನಮ್ಮವರು ಕನ್ಯಾಸ್ತ್ರೀಯರೇ ಅಲ್ಲ, ಅವರ ಮಠ ಅಂದರೆ ರೋಗಿಯ ಮನೆ, ಅವರ ಅಂಗಳ ಅಂದರೆ ಊರ ಬೀದಿ ಅಂದರು. ಹೀಗೆ ಹೊರಗೆ ದುಡಿಯುವವರನ್ನೂ ಪೂರ್ತಿ ಸನ್ಯಾಸಿನಿಯರೇ ಅಂತ ರೋಮ್ ಒಪ್ಪಿಕೊಂಡದ್ದು 1900ರಲ್ಲಿ. ಅಷ್ಟು ತಡ.

ಮಂಗಳೂರಿಗೆ ಈ ಎರಡೂ ಬಗೆಯವರು ಒಂದೇ ವರ್ಷ ಬಂದರು, 1870ರಲ್ಲಿ. ಇಬ್ಬರೂ ಕಾರ್ಮೆಲ್ ಸಭೆಯವರು, ಇಬ್ಬರೂ ಫ್ರಾನ್ಸಿನಿಂದ. ಗೋಡೆಯೊಳಗಿನ ಗುಂಪು ಪೋ ಅನ್ನುವ ಊರಿನ ಮಠದಿಂದ ಹೊರಟಿತು. ಅವರಲ್ಲಿ ಮೂವರು ಮಂಗಳೂರು ಮುಟ್ಟುವ ಮೊದಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಒಬ್ಬಾಕೆ ಗಲಿಲಾಯದ (ಈಗಿನ ಇಸ್ರೇಲಿನ ಉತ್ತರ ಭಾಗ) ಅರಬ್ ಹುಡುಗಿ, ಓದು ಬರಹ ಇಲ್ಲದವಳು, ಮಠದಲ್ಲಿ ಅಡುಗೆ ಕೆಲಸ ಮಾಡುತ್ತಿದ್ದವಳು. ಹೆಸರು ಮರಿಯಂ ಬವಾರ್ದಿ. 1871ರಲ್ಲಿ ಮಂಗಳೂರಿನಲ್ಲೇ ವ್ರತ ತೆಗೆದುಕೊಂಡಳು. ಮರುವರ್ಷ ಫ್ರಾನ್ಸಿಗೆ ವಾಪಸು. ಆಮೇಲೆ ಬೆತ್ಲೆಹೇಮಿನ ಮಠ ಕಟ್ಟಿಸಿದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಸಾರಿದರು. ಕಾರ್ಮೆಲಿನ ಮಠ ಇವತ್ತಿಗೂ ಮಂಗಳೂರಿನಲ್ಲಿದೆ.

ಹೊರಗೆ ದುಡಿಯುವ ಗುಂಪು ಅಂದರೆ ಅಪೊಸ್ತಲಿಕ್ ಕಾರ್ಮೆಲ್. ಅದನ್ನು ಕಟ್ಟಿದ ಮದರ್ ವೆರೋನಿಕಾ ಆಂಗ್ಲಿಕನ್ ಪಾದ್ರಿಯ ಮಗಳು, ಹುಟ್ಟಿದ್ದು 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಮೊದಲು ಬೇರೆ ಸಭೆಯ ಸಿಸ್ಟರ್ ಆಗಿ ಕಲ್ಲಿಕೋಟೆಗೆ ಬಂದಿದ್ದರು. ಕರಾವಳಿಯ ಹೆಣ್ಣುಮಕ್ಕಳಿಗೆ ಶಾಲೆ ಬೇಕು ಅನ್ನುವುದು ಅಲ್ಲಿಂದ ತಲೆಗೆ ಹತ್ತಿದ್ದು. 1868ರಲ್ಲಿ ಫ್ರಾನ್ಸಿನ ಬಯೋನ್ನಲ್ಲಿ ಸಂಸ್ಥೆ ಶುರು ಮಾಡಿ, ತರಬೇತಿ ಕೊಟ್ಟು, ಮೂವರನ್ನು ಮಂಗಳೂರಿಗೆ ಕಳಿಸಿದರು. ತಾವು ಮಾತ್ರ ಅವರ ಜೊತೆ ಬರಲಿಲ್ಲ. ಪೋ ಮಠಕ್ಕೆ ಹಿಂತಿರುಗಿ 1906ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮಕ್ಕಳು ಅನ್ನಿ, ಶಿಷ್ಯೆಯರು ಅನ್ನಿ, ಸಂತ ಆನ್ನರ ಕಾನ್ವೆಂಟು, 1921ರಲ್ಲಿ ಸಂತ ಆಗ್ನೆಸ್ ಕಾಲೇಜು, 1948ರಲ್ಲಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಅಂತ ಕಟ್ಟುತ್ತಾ ಹೋದರು. 1921ರಲ್ಲೇ ಮಂಗಳೂರಿನ ಬೆಂದೂರಿನಲ್ಲಿ ಊರಿನ ಪಾದ್ರಿ ರೇಮಂಡ್ ಮಸ್ಕರೇನಸ್ ಊರಿನದ್ದೇ ಹೆಣ್ಣುಮಕ್ಕಳನ್ನು ಸೇರಿಸಿ ಬೆಥನಿ ಸಭೆ ಶುರು ಮಾಡಿದರು. ಅವರ ಕಣ್ಣು ಹಳ್ಳಿಯ ಹೆಣ್ಣುಮಕ್ಕಳ ಕಡೆ ಇತ್ತು.

ಉಡುಪಿಗೆ ಬರೋಣ. ಯುರೋಪಿನ ಉಣ್ಣೆಯ ಗೌನನ್ನು ಕರಾವಳಿಯ ಸೆಕೆಯಲ್ಲಿ ಹಾಕಿಕೊಂಡು ಎಷ್ಟೋ ಸಿಸ್ಟರುಗಳು ಬೆವರಿದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಉಡುಪು ಸರಳವಾಗಿರಲಿ, ಆಯಾ ಊರಿನ ಹವೆಗೆ, ಕೆಲಸಕ್ಕೆ ಹೊಂದಲಿ ಅಂತ ಹೇಳಿತು. ಅಲ್ಲಿಂದೀಚೆಗೆ ಒಂದೊಂದು ಸಭೆ ಒಂದೊಂದು ತೀರ್ಮಾನ ಮಾಡಿತು. ಕೆಲವು ಸೀರೆಗೆ ಬಂದವು, ಕೆಲವು ಹಗುರ ಗೌನಿಗೆ, ಕೆಲವು ಎರಡನ್ನೂ ಇಟ್ಟುಕೊಂಡವು. ಮದರ್ ತೆರೇಸಾ ಅದಕ್ಕೂ ಮೊದಲೇ, 1948ರಲ್ಲೇ, ನೀಲಿ ಅಂಚಿನ ಬಿಳಿ ಸೀರೆ ಉಟ್ಟಿದ್ದರು. ಸೀರೆ ಉಟ್ಟವರು ಹೆಚ್ಚು ಭಾರತೀಯರು, ಗೌನಿನವರು ಕಡಿಮೆ ಅಂತೆಲ್ಲ ಅರ್ಥ ಮಾಡಿಕೊಳ್ಳಬೇಡಿ.

ಸಿಸ್ಟರ್ ಆಗುವುದು ಒಂದು ದಿನದ ಕೆಲಸ ಅಲ್ಲ. ಮೊದಲು ಒಂದೆರಡು ವರ್ಷ ಜೊತೆಗಿದ್ದು ನೋಡುತ್ತಾರೆ. ಆಮೇಲೆ ನೊವಿಶಿಯೇಟ್, ಅಂದರೆ ವ್ರತಕ್ಕೆ ಮೊದಲಿನ ತರಬೇತಿ. ಅದಕ್ಕೆ ಹದಿನೇಳು ತುಂಬಿರಬೇಕು, ಕನಿಷ್ಠ ಒಂದು ವರ್ಷ ಪೂರ್ತಿ ಇರಬೇಕು. ಈಗೀಗ ಪಿಯುಸಿ, ಡಿಗ್ರಿ ಮುಗಿಸಿಕೊಂಡೇ ಬನ್ನಿ ಅನ್ನುವ ಸಂಸ್ಥೆಗಳು ಜಾಸ್ತಿ. ನೊವಿಶಿಯೇಟ್ ಮುಗಿದ ಮೇಲೆ ಮೊದಲ ವ್ರತ, ಅದೂ ತಾತ್ಕಾಲಿಕ. ಮೂರರಿಂದ ಆರು ವರ್ಷ, ಬೇಕಾದರೆ ಒಂಬತ್ತರವರೆಗೂ ಎಳೆಯಬಹುದು. ಕೊನೆಯ ವ್ರತ ಅದಾದ ಮೇಲೆ. ಕೊನೆಯ ವ್ರತಕ್ಕೆ ಮೊದಲು ಆಕೆ ತನ್ನ ಪಾಲಿನ ಆಸ್ತಿಗೆ ಕೋರ್ಟಿನಲ್ಲಿ ನಿಲ್ಲುವಂಥ ಉಯಿಲು ಬರೆದಿಡಬೇಕು. ಇಪ್ಪತ್ತೈದರ ಹುಡುಗಿ ಉಯಿಲು ಬರೆಯುವುದನ್ನು ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತ್ತು. ಆಕೆ ಮಾತ್ರ "ಆಂಟಿ, ನನ್ನ ಹೆಸರಲ್ಲಿ ಇರೋದೇ ಅಪ್ಪನ ಮನೆ ಹಿಂದಿನ ನಾಲ್ಕು ತೆಂಗಿನಮರ" ಅಂತ ನಗುತ್ತಿದ್ದಳು.

ಯಾರಾದರೂ ಒತ್ತಾಯ ಮಾಡಿ ವ್ರತ ಕೊಡಿಸಿದರೆ ಅದು ಚರ್ಚಿನ ಕಾನೂನಿನಲ್ಲೇ ಊರ್ಜಿತ ಅಲ್ಲ. ತಾತ್ಕಾಲಿಕ ವ್ರತದ ಅವಧಿ ಮುಗಿದರೆ ಸುಮ್ನೆ ಹೊರಟುಬಿಡಬಹುದು. ಕೊನೆಯ ವ್ರತದ ಮೇಲೂ ಬಿಟ್ಟು ಹೋಗಬಹುದು, ಆದರೆ ಅನುಮತಿ ಬೇಕು. ಹೋದವರು ಇಷ್ಟು ವರ್ಷ ದುಡಿದದ್ದಕ್ಕೆ ಕೂಲಿ ಕೊಡಿ ಅಂತ ಕೇಳುವ ಹಕ್ಕಿಲ್ಲ. ಸಂಸ್ಥೆ ನ್ಯಾಯವಾಗಿ, ಪ್ರೀತಿಯಿಂದ ನೋಡಿಕೊಳ್ಳಬೇಕು ಅಂತ ಮಾತ್ರ ಬರೆದಿದೆ. ಲೆಕ್ಕ ಬರೆಯುವವಳಾಗಿ ನನಗೆ ಒಪ್ಪಿಗೆ ಇಲ್ಲದ ನಿಯಮ ಇದು. ಪ್ರೀತಿಗೆ ಒಂದು ಮೊತ್ತ ಬರೆದಿಟ್ಟಿದ್ದರೆ ಚೆನ್ನಾಗಿತ್ತು.

ಮನೆಗೆ ಹೋಗಬಹುದು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಒಂದೆರಡು ವಾರ ಬಿಡುತ್ತಾರೆ, ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದರೆ ಜಾಸ್ತಿ. ಗೋಡೆಯೊಳಗಿನ ಮಠದವರಿಗೆ ಮಾತ್ರ ಇದಿಲ್ಲ. ಮನೆಯವರೇ ಬಂದು ಜಾಲರಿಯ ಈಚೆ ಕೂತು ಮಾತಾಡಬೇಕು.

ದಿನಚರಿ ಸರಳ. ಬೆಳಿಗ್ಗೆ ಐದರ ಸುಮಾರಿಗೆ ಗಂಟೆ, ಧ್ಯಾನ, ಪ್ರಾರ್ಥನೆ, ಬಲಿಪೂಜೆ (ಇಂಗ್ಲಿಷಿನಲ್ಲಿ ಮಾಸ್ ಅನ್ನುವ ಚರ್ಚಿನ ಪೂಜೆ), ತಿಂಡಿ. ಎಂಟೂವರೆಗೆ ಶಾಲೆ. ಸಂಜೆ ಜಪಸರ, ಮತ್ತೆ ಪ್ರಾರ್ಥನೆ, ಊಟ. ಊಟ ಆದ ಮೇಲೆ ಎಲ್ಲರೂ ಕೂತು ಮಾತಾಡುವ ಹೊತ್ತು ಒಂದಿದೆ, ಅಲ್ಲಿ ಆಗುವಷ್ಟು ನಗು ನಾನು ಯಾವ ಆಫೀಸಿನಲ್ಲೂ ಕೇಳಿಲ್ಲ. ಬಲಿಪೂಜೆ ಅರ್ಪಿಸಲು ಮಾತ್ರ ಫಾದರ್ ಬರಲೇಬೇಕು, ಸಿಸ್ಟರುಗಳು ಅರ್ಪಿಸುವ ಹಾಗಿಲ್ಲ.

ಶಾಲೆ ಬಿಟ್ಟರೆ ಜನರಿಗೆ ಗೊತ್ತಿರುವುದು ಆಸ್ಪತ್ರೆ. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಗುಡ್ ಶೆಪರ್ಡ್ ಸಿಸ್ಟರುಗಳು ಕಟ್ಟಿದ್ದು. ಆದರೆ ನನಗೆ ಬಹಳ ಇಷ್ಟದ ಕತೆ ಇನ್ನೊಬ್ಬರದು, ಡಾಕ್ಟರ್ ಮೇರಿ ಗ್ಲೌರಿ. ಆಸ್ಟ್ರೇಲಿಯಾದವರು, ಹುಟ್ಟಿದ್ದು 1887ರಲ್ಲಿ. ಮೆಲ್ಬರ್ನಿನಲ್ಲಿ ಕಣ್ಣಿನ ಡಾಕ್ಟರಾಗಿ ಹೆಸರು ಮಾಡಿದ್ದರು. ಭಾರತದಲ್ಲಿ ಪರದೆಯೊಳಗಿನ ಹೆಂಗಸರು ಗಂಡು ಡಾಕ್ಟರಿಗೆ ಮೈ ತೋರಿಸದೆ ಸಾಯುತ್ತಿದ್ದಾರೆ ಅಂತ ಒಂದು ಪುಟ್ಟ ಪುಸ್ತಿಕೆಯಲ್ಲಿ ಓದಿದರು. 1915ರಲ್ಲಿ. ಹೆರಿಗೆ, ಸ್ತ್ರೀರೋಗದಲ್ಲೂ ಮೇಲಿನ ಓದು ಮುಗಿಸಿ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಜೆ.ಎಂ.ಜೆ. (ಜೀಸಸ್, ಮೇರಿ, ಜೋಸೆಫ್) ಅನ್ನುವ ಸಿಸ್ಟರುಗಳ ಸಭೆ ಸೇರಿದರು.

ಸೇರಿದ್ದೇ ತಾಪತ್ರಯ. ಸಿಸ್ಟರ್ ಆದವರು ಡಾಕ್ಟರಿಕೆ ಮಾಡುವಂತಿಲ್ಲ ಅನ್ನುವುದು ಆಗಿನ ಚರ್ಚಿನ ನಿಯಮ. ಹೆರಿಗೆ ಮಾಡಿಸುವುದಂತೂ ದೂರದ ಮಾತು. ಕೊನೆಗೆ ಪೋಪರ ವಿಶೇಷ ಅನುಮತಿ ತರಿಸಿಕೊಂಡು ಗುಂಟೂರಿನಲ್ಲಿ ರೋಗಿಗಳನ್ನು ನೋಡಿದರು, ಊರಿನ ಹುಡುಗಿಯರಿಗೆ ನರ್ಸಿಂಗ್, ಔಷಧಿ ಕೆಲಸ ಕಲಿಸಿದರು. ಹೆರಿಗೆ ಕೆಲಸಕ್ಕೆ ಎಲ್ಲ ಸಿಸ್ಟರುಗಳಿಗೂ ರೋಮಿನ ಒಪ್ಪಿಗೆ ಸಿಕ್ಕಿದ್ದು 1936ರಲ್ಲಿ. 1943ರಲ್ಲಿ ಅವರು ಇತರ ಸಿಸ್ಟರುಗಳನ್ನು ಕೂಡಿಸಿ ಕ್ಯಾಥೊಲಿಕ್ ಆಸ್ಪತ್ರೆಗಳ ಒಂದು ಸಂಘ ಕಟ್ಟಿದರು. ನಮ್ಮದೇ ಮೆಡಿಕಲ್ ಕಾಲೇಜು ಬೇಕು ಅನ್ನುವುದು ಅವರ ಹಂಬಲ. 1957ರಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಅದೇ ಊರಿನಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಶುರುವಾದದ್ದು 1963ರಲ್ಲಿ.

ಶಾಲೆ, ಆಸ್ಪತ್ರೆ ಎರಡೂ ಇಲ್ಲದ ಕಡೆ ಕೆಲಸ ಮಾಡುವವರೂ ಇದ್ದಾರೆ. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದಲ್ಲಿ ಕೂಲಿಯವರನ್ನು ಸಾಲ ಕೊಡುವ ಧಣಿಗಳ ಹಿಡಿತದಿಂದ ಬಿಡಿಸುವ ಕೆಲಸಕ್ಕೆ ಇಳಿದಿದ್ದರು. 1995ರ ಫೆಬ್ರವರಿಯಲ್ಲಿ ಅವರನ್ನು ಬಸ್ಸಿನಿಂದ ಎಳೆದು ಇರಿದು ಕೊಂದರು. ಕೊಂದವನನ್ನು ಅವರ ಸ್ವಂತ ತಂಗಿ, ಆಕೆಯೂ ಸಿಸ್ಟರೇ, ಜೈಲಿಗೆ ಹೋಗಿ ರಾಖಿ ಕಟ್ಟಿ ಕ್ಷಮಿಸಿದರು.

ಒಳ್ಳೆಯದನ್ನೇ ಹೇಳಿ ಕೂತರೆ ನಿಮಗೆ ಮೋಸ ಮಾಡಿದಂತೆ. ವಿಧೇಯತೆ ಅನ್ನುವ ಮಾತನ್ನು ಮೇಲಿನವರು ತಪ್ಪಾಗಿ ಬಳಸಿದ್ದುಂಟು. ಒಂದು ಕಡೆ ಧರ್ಮಪ್ರಾಂತದ, ಅಂದರೆ ಬಿಷಪ್ ಆಡಳಿತದ, ಶಾಲೆಯಲ್ಲಿ ದುಡಿದ ಸಿಸ್ಟರುಗಳಿಗೆ ಟೀಚರಿನ ಅರ್ಧ ಸಂಬಳವನ್ನೂ ಕೊಡದೆ, ಕೇಳಿದರೆ "ಸಿಸ್ಟರಿಗೆ ಯಾಕೆ ದುಡ್ಡು" ಅಂದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಬೇರೆ ತರಹದ ನೋವೂ ಇದೆ. 2018ರಲ್ಲಿ ಕೊಚ್ಚಿಯಲ್ಲಿ ಸಿಸ್ಟರುಗಳು ಒಬ್ಬ ಬಿಷಪ್ ವಿರುದ್ಧ ಅತ್ಯಾಚಾರದ ದೂರು ಕೊಟ್ಟ ತಮ್ಮ ಜೊತೆಗಾತಿಯ ಪರ ಬೀದಿಯಲ್ಲಿ ಧರಣಿ ಕೂತರು. ಬಿಷಪ್ ಬಂಧನ ಆಯಿತು. 2022ರಲ್ಲಿ ಕೆಳ ಕೋರ್ಟು ಅವರನ್ನು ಖುಲಾಸೆ ಮಾಡಿತು, ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಪಾದ್ರಿಗಳಿಂದ ಸಿಸ್ಟರುಗಳಿಗೆ ದೌರ್ಜನ್ಯ ಆಗಿದೆ ಅಂತ ಪೋಪ್ ಫ್ರಾನ್ಸಿಸ್ ಬಾಯಿಬಿಟ್ಟು ಒಪ್ಪಿದ್ದು 2019ರಲ್ಲಿ. ಸಿಸ್ಟರುಗಳು ಧರಣಿ ಕೂತದ್ದು ನೋಡಿ ನನ್ನ ಚಿಕ್ಕಮ್ಮ "ನಮ್ಮ ಕಾಲದಲ್ಲಿ ನಾವು ಚಾಪೆಲ್ಲಲ್ಲಿ ಕೂತು ಅಳ್ತಿದ್ವಿ" ಅಂದಿದ್ದರು.

ಈಗ ಪ್ರಪಂಚದಲ್ಲಿ ಸಿಸ್ಟರುಗಳ ಸಂಖ್ಯೆ 6 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. 1970ರ ಸುಮಾರಿಗೆ 10 ಲಕ್ಷದ ಹತ್ತಿರ ಇತ್ತು. ಭಾರತದಲ್ಲಿ ಸುಮಾರು 1 ಲಕ್ಷ ಜನ ಇದ್ದಾರೆ. ಮಂಗಳೂರು, ಕೇರಳದ ಮನೆಗಳಲ್ಲಿ ಈಗ ಒಂದೋ ಎರಡೋ ಮಕ್ಕಳು, ಸೇರುವವರು ಕಡಿಮೆ. ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢ, ಈಶಾನ್ಯದ ಹುಡುಗಿಯರು ಬರುತ್ತಿದ್ದಾರೆ. ನಿಮ್ಮ ಮಗಳ ಶಾಲೆಗೆ ಬಂದಿರುವ ಹೊಸ ಸಿಸ್ಟರಿನ ಕನ್ನಡ ಸ್ವಲ್ಪ ಎಡವುತ್ತಿದ್ದರೆ ನಗಬೇಡ ಅಂತ ಅವಳಿಗೆ ಹೇಳಿ. ಅವರಿಗೂ ಕಾಗದ ಬಂದದ್ದು ಅದೇ ಮೇ ತಿಂಗಳಲ್ಲಿ.

ಹಳೆಯ ಸಿಸ್ಟರಿಗೆ ಮಗಳು ಕಾಗದ ಬರೆಯಬಹುದು, ಬರೆಯಲಿ. ಯಾವ ಕಾನ್ವೆಂಟು ಅಂತ ಆಫೀಸಿನಲ್ಲಿ ಕೇಳಿದರೆ ವಿಳಾಸ ಕೊಡುತ್ತಾರೆ. ದೊಡ್ಡ ಉಡುಗೊರೆ ಕಳಿಸಬೇಡಿ, ಅದು ಅವರ ಹತ್ತಿರ ಉಳಿಯುವುದಿಲ್ಲ, ಮನೆಯ ಗಂಟಿಗೆ ಸೇರುತ್ತದೆ. ಮಗಳೇ ಬಿಡಿಸಿದ ಒಂದು ಚಿತ್ರ ಇಡಿ. ಚಿಕ್ಕಮ್ಮನ ಪ್ರಾರ್ಥನೆ ಪುಸ್ತಕದೊಳಗೆ ಅಂಥವು ಏಳೋ ಎಂಟೋ ಇವೆ. ಒಂದರಲ್ಲಿ ಸಿಸ್ಟರಿಗೆ ಮೀಸೆ ಇದೆ.